ದೊರೆ ಕಣ್ಣು ಬಿಟ್ಟ ಮೇಲೆ

ದನದ ಡಾಕ್ಟರಿಗೆ ಯಾವ ಪ್ರಾಣಿಯ ಭಯವೂ ಇರುವುದಿಲ್ಲ ಎಂದು ಜನ ತಿಳಿದುಕೊಂಡಿದ್ದಾರೆ. ಅವರ ನಂಬಿಕೆಯನ್ನು ಕೆಡಿಸುವುದು ಬೇಡವೆಂದು ನಾನೂ ಇಷ್ಟು ವರ್ಷ ಸುಮ್ಮನಿದ್ದೆ. ಹಾಯುವ ಎತ್ತಿನ ಮೂಗುದಾರ ಹಿಡಿದಿದ್ದೇನೆ. ಕರು ಅಡ್ಡ ಸಿಕ್ಕಿಕೊಂಡ ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಇಳಿಸಿ, ಮನೆಯವರ ಜೊತೆ ಮಳೆ ಬೆಳೆ ಮಾತಾಡುತ್ತಾ ನಿಂತಿದ್ದೇನೆ. ಹುಚ್ಚು ಹಿಡಿದಿದೆಯೋ ಇಲ್ಲವೋ ಎಂದು ಯಾರಿಗೂ ಖಾತ್ರಿಯಿಲ್ಲದ ನಾಯಿಯ ಬಾಯೊಳಗೆ ಟಾರ್ಚು ಬಿಟ್ಟಿದ್ದೇನೆ. ಆದರೆ ಗೋಡೆಯ ಮೇಲೆ ಒಂದು ಹಲ್ಲಿ ಕಂಡರೆ ಸಾಕು, ನನ್ನ ಬೆನ್ನು ತಾನಾಗಿಯೇ ಎದುರಿನ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ. ನನ್ನ ಹೆಂಡತಿ ವಿಮಲಾ ಮದುವೆಯ ಹೊಸದರಲ್ಲೇ ಇದನ್ನು ಕಂಡುಹಿಡಿದಳು. ಅಂದಿನಿಂದ ಮನೆಯಲ್ಲಿ ಹಲ್ಲಿ ಓಡಿಸುವ ಖಾತೆ ಅವಳದು. "ನಾಳೆ ಯಾರಾದ್ರೂ ಹಲ್ಲಿ ಹಿಡ್ಕೊಂಡು ನಿಮ್ಮ ಆಸ್ಪತ್ರೆಗೆ ಬಂದ್ರೆ ಏನ್ರೀ ಮಾಡ್ತೀರಿ?" ಎಂದು ಪೊರಕೆ ಹಿಡಿದುಕೊಂಡೇ ಕೇಳುತ್ತಿದ್ದಳು. "ಹಲ್ಲಿಯನ್ನ ಆಸ್ಪತ್ರೆಗೆ ತರುವಷ್ಟು ನಮ್ಮ ಕಡೆ ಇನ್ನೂ ಮುಂದುವರಿದಿಲ್ಲ ಕಣೇ" ಎನ್ನುತ್ತಿದ್ದೆ ನಾನು. ಹೋದ ಚಳಿಗಾಲದಲ್ಲಿ ನಮ್ಮ ಕಡೆ ಮುಂದುವರಿಯಿತು.

ನಾವಿರುವುದು ಬಂಗಾರಪೇಟೆಯಲ್ಲಿ. ನನ್ನ ಕೆಲಸ ಕೆ.ಜಿ.ಎಫ್.ನ ಅಂಚಿನ ಒಂದು ಸಣ್ಣ ಪಶು ಆಸ್ಪತ್ರೆಯಲ್ಲಿ. ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಇಡೀ ಊರು ಬೆಂಗಳೂರಿಗೆ ದುಡಿಯಲು ಹೊರಟಿರುತ್ತದೆ. ನಾನು ಹತ್ತುವುದು ಎದುರು ದಿಕ್ಕಿನ ರೈಲು. ಒಂದಿಡೀ ಬೋಗಿಗೆ ನಾನೊಬ್ಬನೇ ಯಜಮಾನನಾಗಿರುವ ದಿನಗಳುಂಟು. ಮೊದಮೊದಲು ಇದು ಸುಖವೆನಿಸುತ್ತಿತ್ತು. ಆದರೆ ಧನುರ್ಮಾಸದ ಮಂಜಿನಲ್ಲಿ, ಕಿಟಕಿಯಾಚೆ ಏನೂ ಕಾಣದಿರುವಾಗ, ಎಲ್ಲರೂ ಬಿಟ್ಟು ಹೊರಟ ಜಾಗಕ್ಕೆ ನಾನೊಬ್ಬನೇ ಯಾಕೆ ಹೋಗುತ್ತಿದ್ದೇನೆ ಎಂಬ ಯೋಚನೆ ಬಂದರೆ ಸುಖ ಹಾರಿಹೋಗುತ್ತದೆ. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಮಣ್ಣನ್ನು ಸುರಿದು ಸುರಿದು ಬೆಳೆಸಿದ ಬೂದು ಬಣ್ಣದ ಸೈನೈಡ್ ಗುಡ್ಡ, ಆ ಮಂಜಿನಲ್ಲಿ ಇದ್ದಕ್ಕಿದ್ದಂತೆ ರೈಲಿನ ಮಗ್ಗುಲಿಗೆ ಬಂದು ನಿಂತಿರುತ್ತದೆ, ಏನೋ ಕೇಳಬೇಕೆಂದು ಬಂದು ಕೇಳದೆ ನಿಂತವರ ಹಾಗೆ.

ಅಂಥ ಒಂದು ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ ಪಾಪಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಕಾಮಸಮುದ್ರದ ಕಡೆಯ ಹಳ್ಳಿಯ ಹುಡುಗಿ, ಕೋರಮಂಡಲ್‌ನ ಗಣಿ ಕಾರ್ಮಿಕರ ಹಳೆಯ ಸಾಲುಮನೆಗೆ ಸೊಸೆಯಾಗಿ ಬಂದವಳು. ಒಂದು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ, ಹಾಗಾಗಿ ನನಗೆ ಬಹಳ ವರ್ಷದ ಪರಿಚಯ. ಅವಳ ಗಂಡ ಆರ್ಮುಗಂ ಬೆಂಗಳೂರಿನಲ್ಲಿ ಬಣ್ಣದ ಮೀನು, ಸಾಕುಪ್ರಾಣಿ ಮಾರುವ ಒಂದು ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಗಳನ್ನು ತೊಳೆಯುವ ಕೆಲಸಕ್ಕಿದ್ದ. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಪಾಪಮ್ಮನ ತೊಡೆಯ ಮೇಲೆ ಚಪಾತಿ ಬಿಸಿಯಾಗಿಡುವ ಹಾಟ್‌ಬಾಕ್ಸ್ ಇತ್ತು. ನನಗೆ ತಿಂಡಿ ತಂದಿದ್ದಾಳೆ ಎಂದುಕೊಂಡು, "ಇದೆಲ್ಲ ಯಾಕೆ ಪಾಪಮ್ಮ" ಎಂದು ಉಪಚಾರದ ಮಾತನ್ನೂ ಆಡಿಬಿಟ್ಟೆ. ಅವಳು ಮುಚ್ಚಳ ತೆಗೆದಳು. ಒಳಗೆ ಹಳೆಯ ಟವಲಿನ ಮೇಲೆ, ಮೊಳಕ್ಕಿಂತ ಸ್ವಲ್ಪ ಗಿಡ್ಡವಾದ, ಮೈತುಂಬ ಮುಳ್ಳಿನಂಥ ಹುರುಪೆಗಳಿದ್ದ, ಗಂಟಲ ಕೆಳಗೆ ಗಡ್ಡ ಜೋತುಬಿದ್ದ, ಭಾರಿ ಹಲ್ಲಿಯಂಥ ಒಂದು ಪ್ರಾಣಿ ಕಣ್ಣು ಮುಚ್ಚಿ ಮಲಗಿತ್ತು.

"ದೊರೆ ಸಾ" ಎಂದಳು. "ಏಳ್ತಾನೇ ಇಲ್ಲ. ದೀಪಾವಳಿ ಆದ್ಮೇಲೆ ಊಟ ಕಮ್ಮಿ ಮಾಡ್ದ. ಈಗ ಕಣ್ಣೂ ಬಿಡ್ತಿಲ್ಲ. ಸ್ವಲ್ಪ ನೋಡಿ ಸಾ."

ಅದರ ಕಥೆಯನ್ನೂ ಅವಳೇ ಹೇಳಿದಳು. ಆರ್ಮುಗಂ ಕೆಲಸ ಮಾಡುತ್ತಿದ್ದ ಅಂಗಡಿ ಮುಚ್ಚಿದಾಗ ಎಲ್ಲ ಪ್ರಾಣಿಗಳೂ ಮಾರಾಟವಾಗಿ, ಯಾರಿಗೂ ಬೇಡವಾಗಿ ಉಳಿದದ್ದು ಇದೊಂದು. ಅವನು ಇದನ್ನು ಮಡಿಲಲ್ಲಿ ಕೂರಿಸಿಕೊಂಡು ರೈಲಿನಲ್ಲಿ ಊರಿಗೆ ತಂದ. ಸಾಲುಮನೆಯಲ್ಲಿ ಕನ್ನಡದವರು ಓತಿಕ್ಯಾತ ಎಂದರು, ತಮಿಳಿನವರು ಓಣಾನ್ ಎಂದರು, ತೆಲುಗಿನವರು ತೊಂಡ ಎಂದರು. ಹಿಂದೆ ಗಣಿಯ ಬಂಗಲೆಗಳಲ್ಲಿದ್ದ ಬಿಳಿಯರ ಹಾಗೆ ಗಡ್ಡ ಬಿಟ್ಟು, ಕತ್ತೆತ್ತಿ, ಯಾರನ್ನೂ ಲೆಕ್ಕಕ್ಕಿಡದೆ ಕೂರುತ್ತಿದ್ದುದರಿಂದ ಆರ್ಮುಗಂ ಮಾತ್ರ ದೊರೆ ಎಂದ. ಅವನಿರುವಾಗ ಗಾಜಿನ ಪೆಟ್ಟಿಗೆಯಲ್ಲಿ ಬಿಸಿಗೆಂದು ಒಂದು ಬಲ್ಬು ಉರಿಯುತ್ತಿತ್ತು. ಅವನು ಹೋದ ಮೇಲೆ ಬಲ್ಬೂ ಸುಟ್ಟುಹೋಯಿತು, ಬೇರೆ ಹಾಕಿಸುವವರಿಲ್ಲ.

ಈಗ ನಾನು ಆ ಪ್ರಾಣಿಯನ್ನು ಪರೀಕ್ಷಿಸಬೇಕಿತ್ತು. ಪರೀಕ್ಷಿಸಿದೆ, ಪೆನ್ನಿನ ತುದಿಯಿಂದ. ಮುಟ್ಟಲಿಲ್ಲ. ಮುಟ್ಟುವುದು ವೈದ್ಯಶಾಸ್ತ್ರದಲ್ಲಿ ಅನಿವಾರ್ಯವಲ್ಲವೆಂಬಂತೆ ಗಂಭೀರವಾಗಿ ಹುಬ್ಬು ಗಂಟಿಕ್ಕಿ, ಮೇಜಿನಿಂದ ಆದಷ್ಟು ದೂರ ನಿಂತು, ಸ್ಟೆತಾಸ್ಕೋಪನ್ನು ಕೈಚಾಚಿ ಅದರ ಬೆನ್ನಿನ ಮೇಲಿಟ್ಟೆ. ಎತ್ತಿನ ಎದೆ ಕೇಳುವ ಸ್ಟೆತಾಸ್ಕೋಪು. ಅದರ ಬಿಲ್ಲೆಯ ಅಡಿಯಲ್ಲಿ ದೊರೆಯ ಅರ್ಧ ಬೆನ್ನು ಮುಚ್ಚಿಹೋಯಿತು. ನನ್ನ ಎದೆ ಡವಗುಟ್ಟುವುದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಪೆನ್ನಿನಿಂದ ಚುಚ್ಚಿದೆ. ಅಲುಗಲಿಲ್ಲ. ಅಲುಗದಿದ್ದುದಕ್ಕೆ ಒಳಗೊಳಗೇ ಎಷ್ಟು ನಿರಾಳವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ.

"ಹೋಗಿದೆ ಪಾಪಮ್ಮ."

"ನಿಜ್ವಾಗ್ಲೂ ಓಗ್ಬಿಟ್ನಾ ಸಾ?"

"ಇಷ್ಟು ವರ್ಷದಿಂದ ನಾನು ಇನ್ನೇನು ಕೆಲಸ ಮಾಡ್ತಿದ್ದೀನಮ್ಮ?" ಎಂದೆ, ಸ್ವಲ್ಪ ಬಿಗಿಯಾಗಿಯೇ.

ಅವಳು ಅಳಲಿಲ್ಲ. ಟವಲಿನ ಅಂಚನ್ನು ಅದರ ಮೇಲೆ ಹೊದಿಸಿ, ಒಳಗಿನ ಬಿಸಿ ಆರಿಹೋಗಬಾರದೆಂಬಂತೆ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದಳು. "ನಮ್ಮೋರ ಪಕ್ಕದಾಗೇ ಮಣ್ ಮಾಡ್ತೀನಿ" ಎಂದು ಹೇಳಿ ಮಂಜಿನಲ್ಲಿ ನಡೆದುಹೋದಳು. ನಾನು ಡೆಟಾಲು ಹಾಕಿ ಪೆನ್ನು ತೊಳೆದೆ.

ಮರುದಿನ ಮಧ್ಯಾಹ್ನ ಪಾಪಮ್ಮ ಮತ್ತೆ ಬಂದಳು. ಅದೇ ಹಾಟ್‌ಬಾಕ್ಸ್. ಅದನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದು, ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಒಳಗೆ ದೊರೆ ತಲೆಯೆತ್ತಿ ಕೂತಿದ್ದ. ಹಣೆಗೆ ಅರಿಶಿನ ಕುಂಕುಮ ಬಳಿದಿತ್ತು. ಕತ್ತಿನ ಮುಳ್ಳುಗಳಿಗೆ ಒಂದು ಸೇವಂತಿಗೆ ಎಸಳು ಸಿಕ್ಕಿಕೊಂಡಿತ್ತು. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ತೆರೆದಿತ್ತು. ಆ ತೆರೆದ ಕಣ್ಣಿನಿಂದ ಅದು ನನ್ನನ್ನು ನೋಡಿತು. ನೋಡನೋಡುತ್ತಾ ಮುಂಗಾಲೊಂದನ್ನು ನಿಧಾನವಾಗಿ ಮೇಲೆತ್ತಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಕೆಳಗಿಟ್ಟಿತು. ರೈಲಿನ ಕಿಟಕಿಯಿಂದ ಕೈಬೀಸುತ್ತಾರಲ್ಲ, ಹಾಗೆ. ಕೈಬೀಸುವುದು ಆ ಜಾತಿಯ ಸ್ವಭಾವವಂತೆ, ಆಮೇಲೆ ತಿಳಿಯಿತು. ಆದರೆ ನಾನು ಸತ್ತಿದೆ ಎಂದ ಪ್ರಾಣಿ, ಶವಕ್ಕೆ ಹಚ್ಚುವ ಕುಂಕುಮ ಹಚ್ಚಿಕೊಂಡು ಬಂದು ನನಗೆ ಕೈಬೀಸಿದಾಗ ಅದು ತಿಳಿದಿರಲಿಲ್ಲ. ಔಷಧದ ಬೀರು ನನ್ನ ಬೆನ್ನಿಗೆ ಬಡಿಯಿತು, ಅಥವಾ ನಾನೇ ಅದಕ್ಕೆ ಬಡಿದೆ.

ನಡೆದದ್ದಿಷ್ಟು. ಗುಂಡಿ ತೋಡಲು ಮೈದುನ ಬರುವವರೆಗೆ ಪಾಪಮ್ಮ ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿಸಿ ಪೂಜೆ ಮಾಡಿದ್ದಾಳೆ. ಮಂಜು ಹರಿದು ಬಿಸಿಲು ಬಿದ್ದಿದೆ. ಕಲ್ಲು ಕಾದಿದೆ. ದೊರೆ ಎದ್ದು ಕೂತಿದ್ದಾನೆ.

ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ಹರೀಶ ನನ್ನ ಸಹಪಾಠಿ. ಅವನಿಗೆ ಫೋನು ಮಾಡಿ, ಪಾಪಮ್ಮನಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಅದು ನನ್ನ ಎರಡನೇ ತಪ್ಪು. "ಸತ್ತಿದೆ ಅಂದ್ಯಾ? ನೀನು?" ಎಂದು ಅವನು ನಕ್ಕ ನಗು ಆಸ್ಪತ್ರೆಯ ಹೆಂಚುಗಳಿಗೆ ತಗುಲಿ ವಾಪಸು ಬಂತು. ನಕ್ಕು ಮುಗಿದ ಮೇಲೆ ವಿವರಿಸಿದ. "ಹಗಲು ಗಿಡ್ಡವಾಗಿ ಚಳಿ ಬಿದ್ದರೆ ಅವು ಹೀಗೆ ಮಲಗ್ತವೆ ಮಾರಾಯ. ವಾರಗಟ್ಟಲೆ ಏಳಲ್ಲ, ತಿನ್ನಲ್ಲ, ಉಸಿರು ಕೂಡ ಕಾಣಲ್ಲ. ಹೊಟ್ಟೆ ಒಳಕ್ಕೆ ಸೇದಿದೆಯಾ ನೋಡು. ಬಾಲದ ಬುಡದಲ್ಲಿ ಎಲುಬು ಎದ್ದು ಕಾಣ್ತಿದೆಯಾ? ಕಣ್ಣು ಗುಂಡಿಗೆ ಬಿದ್ದಿದೆಯಾ? ಬಾಯಲ್ಲಿ ಲೋಳೆ, ನೀರುಭೇದಿ ಏನಾದ್ರೂ? ಇದೆಲ್ಲ ಇದ್ದರೆ ಖಾಯಿಲೆ, ಬಸ್ಸು ಹತ್ತಿಸಿ ನನ್ನ ಹತ್ರ ಕಳಿಸು. ಇಲ್ಲ ಅಂದ್ರೆ ನಿದ್ದೆ. ಬಲವಂತವಾಗಿ ತಿನ್ನಿಸಬೇಡಿ, ತಣ್ಣಗಿರೋ ಹೊಟ್ಟೇಲಿ ತಿಂದದ್ದು ಕೊಳೆಯುತ್ತೆ. ವಾರಕ್ಕೊಂದ್ಸಲ ತೂಕ ನೋಡು. ತೂಕ ಇಳೀತಾ ಹೋದ್ರೆ ರೋಗ, ಹೆಚ್ಚುಕಮ್ಮಿ ನಿಂತಲ್ಲೇ ನಿಂತಿದ್ರೆ ನಿದ್ದೆ." ಕಳಿಸಿದ ಫೋಟೋ ನೋಡಿ, ದೊರೆ ಗಂಡಲ್ಲ ಹೆಣ್ಣು ಎಂದೂ ಆಮೇಲೆ ಬರೆದು ತಿಳಿಸಿದ. ಅದನ್ನು ನಾನು ಇವತ್ತಿನವರೆಗೂ ಪಾಪಮ್ಮನಿಗೆ ಹೇಳಿಲ್ಲ.

ಫೋನಿಟ್ಟ ಮೇಲೆ ಅವಳು ಸಂತೋಷಪಡುತ್ತಾಳೆ, ನಾನೂ ಅವಳ ಜೊತೆ ನಕ್ಕು ಮರ್ಯಾದೆ ಉಳಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಅವಳು ಹಾಟ್‌ಬಾಕ್ಸಿನೊಳಗೇ ನೋಡುತ್ತಾ ನಿಂತಿದ್ದಳು.

"ಅಂಗಾದ್ರೆ ನಮ್ಮೋರು ಸಾ?"

ನನಗೆ ಅರ್ಥವಾಗಲಿಲ್ಲ.

"ಅವ್ರೂ ಇಂಗೇ ಮಲಗಿದ್ರು. ಬೆಳಿಗ್ಗೆ ಎಬ್ಬಿಸಿದ್ರೆ ಏಳ್ಲಿಲ್ಲ. ಮೈಯೆಲ್ಲ ತಣ್ಣಗಿತ್ತು. ಇಂಥದ್ದೇ ಚಳಿಗಾಲ. ಒಬ್ರು ಬಂದು ಕೈ ಇಡ್ದು ನೋಡಿ ಓಗೈತೆ ಅಂದ್ರು. ನೆಂಟ್ರು ರೈಲಿಗೆ ಓಗ್ಬೇಕು ಅಂತ ಮಧ್ಯಾಹ್ನದೊಳಗೇ ಮಣ್ ಮಾಡ್ಬಿಟ್ರು. ಬಿಸಿಲಾಗೆ ಮಲಗಿಸ್ಲೇ ಇಲ್ಲ ಸಾ."

"ಮನುಷ್ಯರು ಹಾಗೆ ಮಲಗಲ್ಲ ಪಾಪಮ್ಮ. ಹೋಗಿದ್ದರು ಅವರು. ಅದರಲ್ಲಿ ಅನುಮಾನ ಬೇಡ."

"ಇವ್ನೂ ಓಗವ್ನೆ ಅಂತ ನೀವೇ ತಾನೇ ಸಾ ನಿನ್ನೆ ಯೋಳಿದ್ದು?"

ಹೊರಗೆ ಬಿಸಿಲಿತ್ತು, ಆದರೂ ನನ್ನ ತೋಳಿನ ಮೇಲೆ ಕೂದಲು ನಿಂತಿದ್ದವು. ಅವಳು ಮುಚ್ಚಳ ಹಾಕಿಕೊಂಡು ಹೊರಟಳು.

ಅಂದಿನಿಂದ ದೊರೆಯ ತೂಕ ನೋಡುವುದು ನನ್ನ ಪ್ರಾಯಶ್ಚಿತ್ತವಾಯಿತು. ನಮ್ಮ ಆಸ್ಪತ್ರೆಯಲ್ಲಿರುವುದು ದನಗಳ ಲೆಕ್ಕಾಚಾರ, ಅಲ್ಲಿ ಇಷ್ಟು ಸಣ್ಣ ತಕ್ಕಡಿ ಎಲ್ಲಿಂದ ಬರಬೇಕು? ಪಕ್ಕದ ಕೋಳಿ ಅಂಗಡಿಯ ತಕ್ಕಡಿಯೇ ಗತಿ. ಮೊದಲ ಸಲ ಹೋದಾಗ ಅಂಗಡಿಯವನು ಬೇರೆ ಗಿರಾಕಿಯ ಜೊತೆ ಮಾತಾಡುತ್ತಿದ್ದು, ತಕ್ಕಡಿಯ ಕಡೆ ತಿರುಗದೆಯೇ "ವಿತ್ ಸ್ಕಿನ್ನಾ, ವಿತೌಟಾ?" ಎಂದು ಕೇಳಿದ. ತಿರುಗಿದ ಮೇಲೆ ಕತ್ತಿ ಕೆಳಗಿಟ್ಟು ದೇವರ ಫೋಟೋಗೆ ಕೈಮುಗಿದ. ಚಳಿಗೆ ಮತ್ತೆ ನಿದ್ದೆಗೆ ಬಿದ್ದಿದ್ದ ದೊರೆ ಬಟ್ಟಲಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಪ್ರತಿ ವಾರವೂ ತೂಕ ಹಾಗೆಯೇ ಇತ್ತು. ನಿದ್ದೆ, ಖಾಯಿಲೆಯಲ್ಲ. ಪಾಪಮ್ಮ ತಲೆಯಾಡಿಸಿ ತೆಗೆದುಕೊಂಡು ಹೋಗುತ್ತಿದ್ದಳು. ಗಂಡನ ಮಾತು ಮತ್ತೆ ಎತ್ತಲಿಲ್ಲ. ಮರೆತಳು ಎಂದುಕೊಂಡೆ. ನಮ್ಮಂಥವರಿಗೆ ಹಾಗೆ ಅಂದುಕೊಳ್ಳುವುದು ಅಭ್ಯಾಸ.

ಮರೆತಿಲ್ಲವೆಂದು ಹೇಳಿದವನು ಅವಳ ಮೈದುನ ಮುರುಗೇಶ. ಅಣ್ಣನ ಹೆಂಡತಿಯನ್ನು ಅವನು ತಮಿಳಿನಂತೆ ಅಣ್ಣಿ ಎನ್ನುತ್ತಾನೆ. ತನ್ನ ಕೆಲಸಕ್ಕೆ ರಜೆಯಿದ್ದ ದಿನ ಆಸ್ಪತ್ರೆಗೆ ಬಂದು, ಸುತ್ತ ನೋಡಿ, ದನಿ ತಗ್ಗಿಸಿದ. "ಸಾರ್, ಆ ಓಣಾನ್‌ಗೆ ಒಂದು ಸೂಜಿ ಹಾಕಿ ಮುಗಿಸಿಬಿಡಿ ಸಾರ್. ಅಣ್ಣಿ ಸರಿ ಇಲ್ಲ. ದಿನಾ ಬೆಳಿಗ್ಗೆ ಅದನ್ನ ಎತ್ಕೊಂಡು ಅಣ್ಣನ ಸಮಾಧಿ ಹತ್ರ ಹೋಗ್ತಾರೆ. ಮಣ್ಣಿಗೆ ಕಿವಿ ಇಟ್ಕೊಂಡು ಮಲಗ್ತಾರೆ. ಏನೋ ಸದ್ದು ಕೇಳುತ್ತೆ ಅಂತಾರೆ. ವರ್ಷದ ತಿಥಿ ಬರ್ತಾ ಇದೆ, ಮಾಡಲ್ಲ ಅಂತಾರೆ. ಬದುಕಿರೋರಿಗೆ ತಿಥಿ ಮಾಡ್ತಾರೇನೋ ಅಂತ ನನ್ನೇ ಕೇಳ್ತಾರೆ."

ಮಲಗಿರುವ ಪ್ರಾಣಿಗೆ ಸೂಜಿ ಹಾಕುವ ಪ್ರಶ್ನೆಯೇ ಇರಲಿಲ್ಲ. ಆದರೆ ಅವಳ ತಲೆಯಲ್ಲಿ ಆ ಹುಳ ಬಿಟ್ಟವನು ನಾನು, ತೆಗೆಯಬೇಕಾದವನೂ ನಾನೇ. ಮರುದಿನ ಮೊದಲ ರೈಲಿಗೆ ಹೊರಟೆ. ಸ್ಟೇಷನ್ನಿನಲ್ಲಿ ಮುರುಗೇಶ ಕಾಯುತ್ತಿದ್ದ. ಇಬ್ಬರೂ ಮಂಜಿನಲ್ಲಿ ಸ್ಮಶಾನದ ದಾರಿ ಹಿಡಿದೆವು. ಸೈನೈಡ್ ಗುಡ್ಡದ ಬುಡದಲ್ಲಿದೆ ಆ ಜಾಗ. ಹತ್ತಿರ ಹೋಗುವವರೆಗೆ ಏನೂ ಕಾಣಲಿಲ್ಲ. ಆಮೇಲೆ ಒಂದು ಸೀರೆ ಕಂಡಿತು, ನೆಲಕ್ಕೆ ಒರಗಿ. ಪಕ್ಕದಲ್ಲಿ ಹಾಟ್‌ಬಾಕ್ಸ್.

ನನ್ನನ್ನು ನೋಡಿ ಪಾಪಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ಎದ್ದು ಕೂತು, ಕೆನ್ನೆಗೆ ಅಂಟಿದ ಮಣ್ಣು ಒರೆಸಿಕೊಂಡು, "ಕಿವಿಗಿಡೋದು ತಂದಿದ್ದೀರಾ ಸಾ?" ಎಂದಳು.

ತಂದಿದ್ದೆ. ಅದು ಯಾವಾಗಲೂ ನನ್ನ ಚೀಲದಲ್ಲೇ ಇರುತ್ತದೆ. ಹೀಗೆ, ಸರ್ಕಾರಿ ಸಂಬಳ ತಿನ್ನುವ, ಓದಿ ಪಾಸಾದ ಒಬ್ಬ ಪಶುವೈದ್ಯ ಮಂಜಿನಲ್ಲಿ ಮೊಣಕಾಲೂರಿ, ಎತ್ತಿನ ಎದೆ ಕೇಳುವ ಸ್ಟೆತಾಸ್ಕೋಪನ್ನು ಒಂದು ಸಮಾಧಿಯ ಮೇಲಿಟ್ಟ. ಏನೂ ಇಲ್ಲ ಎಂದು ಹೇಳಿ ಎದ್ದುಬಿಡುವುದು ನನ್ನ ಉಪಾಯವಾಗಿತ್ತು. ಮೊದಲು ನನ್ನದೇ ಎದೆಬಡಿತ ಕೇಳಿತು. ಆಮೇಲೆ, ಅದರ ಕೆಳಗೆ, ಬಹಳ ಕೆಳಗೆ, ಯಾರೋ ಮುಷ್ಟಿಯಿಂದ ಹಲಗೆ ಗುದ್ದಿದ ಹಾಗೆ ಒಂದು ಸದ್ದು. ಉಸಿರು ಹಿಡಿದೆ. ಬಹಳ ಹೊತ್ತು ಏನಿಲ್ಲ. ಮತ್ತೆ ಅದೇ ಸದ್ದು.

ಸ್ಟೆತಾಸ್ಕೋಪು ಕಿವಿಯಿಂದ ಕಿತ್ತೆ. ಮುಖದಲ್ಲಿ ಕಾಣುವುದನ್ನು ಮುಚ್ಚಿಡುವ ವಿದ್ಯೆ ನನಗೆ ಬಾರದು. ಮುರುಗೇಶ "ಬೇಡ ಸಾರ್, ಹೋಗೋಣ ಸಾರ್" ಎಂದು ಹಿಂದೆ ಸರಿದ.

"ಕೇಳ್ತಲ್ವಾ ಸಾ?"

"ಅದು ಗಣಿ ಪಾಪಮ್ಮ" ಎಂದೆ. "ಕೆಳಗೆಲ್ಲ ಸುರಂಗ. ನೀರು ತುಂಬಿದೆ. ಬಂಡೆ ಕುಸಿದರೆ ಸದ್ದಾಗುತ್ತೆ."

"ಗಣಿ ಓಗಿ ಎಷ್ಟ್ ವರ್ಸ ಆಯ್ತು. ಸತ್ತೋಗಿರೋ ಗಣಿ ಎಂಗ್ ಸಾ ಸದ್ದು ಮಾಡ್ತದೆ?"

ವಾದದಲ್ಲಿ ನಾನು ಸೋತಿದ್ದೆ. ಆಗ ಹೊಳೆದದ್ದು ಕಾಲೇಜಿನ ಮೊದಲ ಪಾಠಗಳಲ್ಲೊಂದು, ಆಸ್ಪತ್ರೆಯಲ್ಲಿ ಪೆನ್ನು ಹಿಡಿದು ದೂರ ನಿಂತಾಗ ಹೊಳೆಯಬೇಕಾಗಿದ್ದದ್ದು. ಹಾಟ್‌ಬಾಕ್ಸಿನ ಮುಚ್ಚಳ ತೆಗೆದೆ. ಕಣ್ಣು ಮುಚ್ಚಿಕೊಂಡೆ, ನನ್ನ ಕಣ್ಣು. ಎರಡೂ ಕೈಯಿಂದ ದೊರೆಯನ್ನು ಎತ್ತಿದೆ. ತಣ್ಣಗಿತ್ತು, ಹಸಿ ಹಲಸಿನ ಸಿಪ್ಪೆಯ ಹಾಗೆ ಒರಟಾಗಿತ್ತು. ಹಿಂಗಾಲನ್ನು ಬೆರಳಿನಿಂದ ಹಿಡಿದು ನೀಡಿದೆ, ಮಡಚಿದೆ. ಮತ್ತೆ ನೀಡಿದಾಗ ಅದು ನಿದ್ದೆಯಲ್ಲೇ, ತೀರ ನಿಧಾನವಾಗಿ, ಕಾಲನ್ನು ತನ್ನ ಕಡೆಗೆ ಎಳೆದುಕೊಂಡಿತು.

"ನೋಡಿ ಪಾಪಮ್ಮ. ಮಲಗಿರೋದು ಎಷ್ಟೇ ತಣ್ಣಗಿರಲಿ, ಕೈಕಾಲು ಮಡಚುತ್ತೆ. ಹೋದ ಮೇಲೆ ಮರಗಟ್ಟುತ್ತೆ, ಮಡಚಲ್ಲ. ಅವತ್ತು ನಿಮ್ಮೋರಿಗೆ ಸ್ನಾನ ಮಾಡಿಸಿ ಬಟ್ಟೆ ಹಾಕಿದ್ದು ಯಾರು?"

"ನಾನೇ ಸಾರ್" ಎಂದ ಮುರುಗೇಶ.

"ಕೈ ಮಡಚಿತಾ?"

ಅವನು ಅತ್ತಿಗೆಯ ಮುಖ ನೋಡಿದ. ಮಂಜು ನಮ್ಮ ಮೂವರ ನಡುವೆ ಬಂದು ನಿಂತಿತು. ಕೊನೆಗೆ ಪಾಪಮ್ಮನೇ ಮಾತಾಡಿದಳು, ನಮ್ಮಿಬ್ಬರಿಗೂ ಅಲ್ಲ, ಮಣ್ಣಿಗೆ.

"ಮಡಚ್ಲಿಲ್ಲ. ದೀಪಾವಳಿಗೆ ತಂದಿದ್ದ ಒಸ ಅಂಗಿ. ತೋಳೊಳಗೆ ಕೈ ಓಗ್ಲೇ ಇಲ್ಲ. ಬೆನ್ನಾಗೆ ಕತ್ತರಿಸಿ ಮೇಲೆ ಒದಿಸಿದ್ರು. ಒಸ ಅಂಗಿ ಆಳ್ಮಾಡ್ತಾರಲ್ಲ ಅಂತ ನಾನು ಕತ್ತರಿ ಕಿತ್ಕೊಳಾಕೆ ಓಗಿದ್ದೆ."

ಆಮೇಲೆ ಅವಳು ಅತ್ತಳು. ಆರ್ಮುಗಂ ಹೋದ ದಿನ ಕೂಡ ಅತ್ತಿರಲಿಲ್ಲವಂತೆ, ಮುರುಗೇಶ ಹೇಳಿದ. ದೊರೆಯನ್ನು ಪೆಟ್ಟಿಗೆಗೆ ವಾಪಸು ಇಡಬೇಕೆಂಬುದೂ ಮರೆತು ನಾನು ಎದೆಗೊತ್ತಿಕೊಂಡು ನಿಂತಿದ್ದೆ. ಆಗ ಸ್ಟೆತಾಸ್ಕೋಪಿನ ನೆರವಿಲ್ಲದೆಯೇ, ನಮ್ಮ ಪಾದಗಳ ಅಡಿಯಲ್ಲಿ, ಆ ಸದ್ದು ಇನ್ನೊಂದು ಸಲ ಬಂತು. ಯಾರೂ ಕದಲಲಿಲ್ಲ. ಪಾಪಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಗಣೀನೇ" ಎಂದಳು. ಅದು ಗಣಿಯೇ ಇರಬೇಕು. ಬೇರೇನು ಎಂದು ಕೇಳುವ ಧೈರ್ಯ ನನಗಿಲ್ಲ.

ದೊರೆ ಶಿವರಾತ್ರಿಯ ಹೊತ್ತಿಗೆ ಎದ್ದು, ಒಂದು ಜಿರಲೆ ತಿಂದು, ಏನೂ ನಡೆದೇ ಇಲ್ಲವೆಂಬಂತೆ ಕತ್ತೆತ್ತಿ ಕೂತಿತು. ಅದಕ್ಕೆ ಮೊದಲು, ಸಂಕ್ರಾಂತಿ ಕಳೆದ ಮೇಲೆ, ಪಾಪಮ್ಮ ಗಂಡನ ತಿಥಿ ಮಾಡಿದಳು. ನನ್ನನ್ನೂ ಕರೆದಿದ್ದಳು. ಸಾಲುಮನೆಯ ಮುಂದಿನ ಜಗುಲಿಯಲ್ಲಿ ಕಾಮಸಮುದ್ರದಿಂದ ಬಂದಿದ್ದ ಅವಳ ಸೋದರಮಾವ, ಬಹಳ ವಯಸ್ಸಾದವರು, ಗೋಡೆಗೆ ಒರಗಿ ಬಾಯಿ ತೆರೆದು ಮಲಗಿದ್ದರು. ತುಟಿಯ ಮೇಲೆ ನೊಣ ಓಡಾಡುತ್ತಿತ್ತು. ನನ್ನ ಕಥೆ ಅಷ್ಟು ಹೊತ್ತಿಗೆ ಊರೆಲ್ಲ ತಿಳಿದಿತ್ತು. ಯಾರೋ ಹೆಂಗಸು, "ಡಾಕ್ಟ್ರೇ, ನಮ್ಮ ಮಾವನ್ನೂ ಒಂಚೂರು ನೋಡಿ, ಮಲಗವ್ರೋ ಓಗವ್ರೋ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಎದ್ದು ಹೋಗಿ ಅವರ ಎದೆಯನ್ನೇ ನೋಡುತ್ತಾ ನಿಂತೆ. ಅದು ಏರಲಿಲ್ಲ. ಇನ್ನೂ ಏರಲಿಲ್ಲ. ಹಿಂದೆ ನಗು ಒಂದೊಂದಾಗಿ ನಿಂತಿತು. ಎಲೆ ಹಾಸುತ್ತಿದ್ದವರೂ ಬಂದು ಬಗ್ಗಿ ನೋಡತೊಡಗಿದರು. ನಾನು ಅವರ ಕೈ ಹಿಡಿದು ಮೊಣಕೈ ಮಡಚಲು ಹೊರಟಾಗ ಅವರು ಒಂದು ಕಣ್ಣು ಬಿಟ್ಟರು.

"ಎಲೆ ಆಕಿದ್ರಾ?"

ಪಂಕ್ತಿಯಲ್ಲಿ ನಾನು ಅವರ ಪಕ್ಕದಲ್ಲೇ ಕೂತೆ. ಅವರು ವಡೆ ಮುಗಿಸಿ, ಪಾಯಸವನ್ನು ಎರಡು ಸಲಕ್ಕೂ ಮೀರಿ ಹಾಕಿಸಿಕೊಂಡರು. ನಾನು ಒಂದು ತುತ್ತನ್ನೂ ಸರಿಯಾಗಿ ತಿನ್ನದೆ, ಅವರ ಗಂಟಲು ಇಳಿದು ಏರುವುದನ್ನೇ ನೋಡುತ್ತಿದ್ದೆ. ಅವರಿಗೆ ಅದು ಗೊತ್ತಾಯಿತು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ಮುಖವನ್ನು ಒಮ್ಮೆ ದಿಟ್ಟಿಸಿ, ಪಾಪಮ್ಮನನ್ನು ಕೂಗಿ ಕರೆದರು.

"ಯಾಕಮ್ಮೀ ಈ ಡಾಕ್ಟ್ರು ಊಟ ಬಿಟ್ಟವ್ನೆ? ಮೈಯೆಲ್ಲ ತಣ್ಣಗೈತೆ. ಕಣ್ಣು ಬೇರೆ ಅಲ್ಲಾಡ್ತಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ಕನಿಕರದಿಂದ, "ಓಗಪ್ಪ, ಬಿಸಿಲಾಗೆ ಸ್ವಲ್ಪ ಒತ್ತು ಕೂತ್ಕೋ ಓಗು" ಎಂದರು.

ನಾನು ಎಲೆ ಮಡಚಿ ಎದ್ದು ಹೋಗಿ ಬಿಸಿಲಿನಲ್ಲಿ ಕೂತೆ.